ಮದುವೆಯ ಶಕುನಗಳನ್ನು ಕುರಿತು



ಕಬ್ಬಿನ ಕಟಾವು ಮುಗಿದು ಕಾರ್ಖಾನೆಗಳ ಹೊಗೆ ನಿಲ್ಲುವ ಹೊತ್ತಿಗೆ ನಮ್ಮ ಲೋಕಾಪುರದ ಸುತ್ತಿನ ಹಳ್ಳಿಗಳಲ್ಲಿ ಮದುವೆಯ ಹಂದರಗಳು ಏಳತೊಡಗುತ್ತವೆ. ಆ ದಿನಗಳಲ್ಲಿ ಮುಧೋಳದ ಕಡೆಗೆ ಹೋದರೂ ಬಾಗಲಕೋಟೆಯ ಕಡೆಗೆ ಹೋದರೂ ದಾರಿಯಲ್ಲಿ ಎರಡು ಮೂರು ನಿಬ್ಬಣಗಳು ಎದುರಾಗದೆ ಇರುವದಿಲ್ಲ. ನಮ್ಮ ಸಭೆಗಳಲ್ಲಿಯೂ ಮದುವೆಗಳು ಆಗ ನಡೆಯುತ್ತವೆ. ಆದಕಾರಣ ಬಹಳ ದಿವಸಗಳಿಂದ ನಮ್ಮ ಮನಸ್ಸಿನಲ್ಲಿ ಕುಳಿತಿರುವ ಒಂದು ಸಂಗತಿಯನ್ನು ಈ ಸಮಯದಲ್ಲಿಯೇ ವಾಚಕರ ಮುಂದೆ ಇಡುವದು ಯುಕ್ತವೆಂದು ಎಣಿಸಿದ್ದೇವೆ.

ಕಳೆದ ವರುಷ ಒಂದು ಹಳ್ಳಿಯಲ್ಲಿ ನಮ್ಮ ಸಭೆಗೆ ಸೇರಿದ ಒಬ್ಬ ವಿಧವೆಯ ಹಿರಿಯ ಮಗಳ ಮದುವೆಯಾಯಿತು. ಗಂಡ ಸತ್ತು ಹದಿಮೂರು ವರುಷಗಳಾಗಿದ್ದವು. ಕಬ್ಬಿನ ಹೊಲಗಳಲ್ಲಿ ಕಳೆ ತೆಗೆದು, ಕೂಲಿಯ ಹಣವನ್ನು ಕೂಡಿಸಿ, ಆಕೆಯೇ ಇಬ್ಬರು ಹೆಣ್ಣುಮಕ್ಕಳನ್ನು ಬೆಳಸಿದಳು. ಮಗಳಿಗೆ ಇಳಕಲ್ಲಿನ ಸೀರೆಯನ್ನೂ ಗುಳೇದಗುಡ್ಡದ ಕಣವನ್ನೂ ತಾನೇ ಆರಿಸಿ ತಂದಳು. ಮದುವೆಯ ಹಿಂದಿನ ಸಾಯಂಕಾಲ ಅರಿಷಿಣ ಹಚ್ಚುವ ಶಾಸ್ತ್ರಕ್ಕೆ ನಾವು ಹೋದಾಗ ಹಂದರದ ಕೆಳಗೆ ಹುಡುಗಿಯನ್ನು ಮಣೆಯ ಮೇಲೆ ಕೂಡ್ರಿಸಿದ್ದರು. ನಾಲ್ಕು ಮೂಲೆಗಳಲ್ಲಿ ತಂಬಿಗೆಗಳನ್ನಿಟ್ಟು ನೂಲು ಸುತ್ತಿ ಸುರಗಿ ಮಾಡಿದ್ದರು. ಐವರು ಮುತ್ತೈದೆಯರು ಅರಿಷಿಣ ಹಚ್ಚಿ ನೀರೆರೆಯುತ್ತಿದ್ದರು, ಹಾಡುಗಳು ನಡೆದಿದ್ದವು. ತಾಯಿ ಎಲ್ಲಿ ಎಂದು ನೋಡಿದರೆ ಅಡಿಗೆಯ ಮನೆಯ ಬಾಗಿಲಿನ ಹಿಂದೆ ಕೈಯಲ್ಲಿ ಸವಟು ಹಿಡಿದು ನಿಂತಿದ್ದಳು. ಬಾಗಿಲಿನ ಸಂದಿಯೊಳಗಿಂದ ಮಗಳನ್ನು ನೋಡುತ್ತಿದ್ದಳು. ಹೊರಗೆ ಬಾ ಎಂದು ನಾವು ಕರೆದಾಗ ಆಕೆಯು, “ಬ್ಯಾಡ್ರಿ ಅಯ್ಯಾರ. ಯಾರೂ ನನಗ ಬ್ಯಾಡ ಅಂದಿಲ್ಲ. ನನ್ನ ಕೈಲೆ ಅರಿಷಿಣ ಹಚ್ಚಿ ನಾಳೆ ಆಕಿಗೇನರ ಆದ್ರ ನಾ ಹ್ಯಾಂಗ ತಡಕೊಳ್ಳಲಿ?” ಎಂದಳು.

ಅದಕ್ಕೆ ನಾವೇನು ಉತ್ತರ ಕೊಟ್ಟೆವು? ಏನೂ ಕೊಡಲಿಲ್ಲ. ಪ್ರಾರ್ಥನೆ ಮಾಡಿ, ಹೋಳಿಗೆ ಊಟ ಮಾಡಿ, ಮನೆಗೆ ಬಂದೆವು. ಅಂದಿನಿಂದ ಆ ಬಾಗಿಲು ನಮ್ಮ ಕಣ್ಣಿನಿಂದ ಹೋಗಿಲ್ಲ. ತಾನು ನಂಬದ ಒಂದು ಪದ್ಧತಿಯನ್ನು ಊರಿನವರ ಸಲುವಾಗಿ, ಸಮಾಧಾನದ ಸಲುವಾಗಿ, ಸುಮ್ಮನೆ ನಡೆಯಗೊಡುವದು ನಿರ್ದೋಷವಾದದ್ದೋ? ನಮ್ಮ ಪ್ರಶ್ನೆ ಇದೇ.

ಮೊದಲು ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತೇವೆ. ಮದುವೆಯ ರೀತಿಗಳನ್ನೆಲ್ಲಾ ಒಂದೇ ಗಂಟಿನಲ್ಲಿ ಕಟ್ಟಿ ಹೊರಗೆ ಎಸೆಯಬೇಕೆಂಬುವರ ಪಂಕ್ತಿಯಲ್ಲಿ ನಾವು ಇಲ್ಲ. ಬಾಸೆಲ್ ಮಿಶನ್ನಿನವರು 1851ರಲ್ಲಿ ಗುಳೇದಗುಡ್ಡದಲ್ಲಿ ಠಾಣ್ಯ ಹಾಕಿದ ಕಾಲದಿಂದ ಈ ಸೀಮೆಯ ಸಭೆಗಳಲ್ಲಿ ಯಾವದನ್ನು ಇಟ್ಟುಕೊಳ್ಳಬೇಕು, ಯಾವದನ್ನು ಬಿಡಬೇಕು ಎಂಬ ಚರ್ಚೆ ನಿಂತದ್ದೇ ಇಲ್ಲ. ಆದರೆ ಅರಿಷಿಣವು ಅರಿಷಿಣವೇ. ಅದು ಕೃಷ್ಣಾ ಘಟಪ್ರಭಾ ಹೊಳೆಗಳ ದಂಡೆಯ ಹೊಲಗಳಲ್ಲಿ ಬೆಳೆದು ಸಾಂಗಲಿಯ ಪೇಟೆಗೆ ಹೋಗುವ ಒಂದು ಬೇರು. ಅದನ್ನು ಮೈಗೆ ಹಚ್ಚಿಕೊಂಡದ್ದರಿಂದ ಯಾರ ಆತ್ಮಕ್ಕೂ ಕೇಡಾಗಲಿಲ್ಲ. ಹೊಸ ಸೊಸೆಯು ಗಂಡನ ಹೆಸರನ್ನು ಒಡಪು ಕಟ್ಟಿ ಹೇಳುವಾಗ ಮುದುಕಿಯರು ನಗುವ ನಗೆಯು ಎಷ್ಟು ಒಳ್ಳೆಯದು! ಕುಂಬಾರನ ಮನೆಯಿಂದ ಮೆರವಣಿಗೆಯಲ್ಲಿ ಐರಾಣಿಯ ಗಡಿಗೆಗಳನ್ನು ತರುವ ವಾಡಿಕೆಯಿಂದ ಕುಂಬಾರನಿಗೆ ಆ ದಿವಸ ಮರ್ಯಾದೆಯಾದರೂ ದೊರೆಯುತ್ತದೆ. ಇಂಥವುಗಳ ವಿರುದ್ಧ ಉಪದೇಶ ಮಾಡಿ ಗಂಟಲು ಹರಿದುಕೊಂಡವರು ನಮ್ಮಲ್ಲಿ ಇದ್ದರು. ಅದರಿಂದ ಹಳ್ಳಿಯ ಮದುವೆಗಳು ಸಪ್ಪಗಾದವೇ ಹೊರತು ಒಬ್ಬ ವಿಧವೆಯಾದರೂ ಬಾಗಿಲಿನ ಹಿಂದಿನಿಂದ ಹೊರಗೆ ಬಂದದ್ದನ್ನು ನಾವು ಕಾಣೆವು.

ಯಾಕಂದರೆ, ಇದು ಯಾವ ಮತದವರಿಂದ ಬಂತು ಎಂದು ಕೇಳುವದರಲ್ಲಿಯೇ ಅವರ ವಿಚಾರವೆಲ್ಲಾ ಮುಗಿದುಹೋಯಿತು. ಇದರಿಂದ ಯಾರು ಹಿಂದಕ್ಕೆ ಸರಿಯಬೇಕಾಗುತ್ತದೆ ಎಂಬ ಪ್ರಶ್ನೆಯನ್ನು ಅವರು ಕೇಳಲಿಲ್ಲ.

ಮುಹೂರ್ತದ ವಿಷಯವನ್ನೇ ತೆಗೆದುಕೊಳ್ಳೋಣ. ಒಂದು ಗಳಿಗೆಯು ಇಪ್ಪತ್ನಾಲ್ಕು ನಿಮಿಷ. ದಿವಸಕ್ಕೆ ಅರುವತ್ತು ಗಳಿಗೆ. ಗಡಿಯಾರಗಳಿಲ್ಲದ ಕಾಲದಲ್ಲಿ ತಳದಲ್ಲಿ ಸಣ್ಣ ತೂತುಳ್ಳ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟು, ಅದು ಮುಳುಗಿದಾಗ ಒಂದು ಗಳಿಗೆಯಾಯಿತೆಂದು ಎಣಿಸುತ್ತಿದ್ದರು. ಈ ಬಟ್ಟಲಿಗೆ ಸಂಬಂಧಿಸಿದ ಒಂದು ಕಥೆಯುಂಟು. 1114ರಲ್ಲಿ ಹುಟ್ಟಿದ ಗಣಿತಜ್ಞನಾದ ಭಾಸ್ಕರಾಚಾರ್ಯನು ನಮ್ಮ ವಿಜಾಪುರದ ಸೀಮೆಯವನೆಂದು ಅನೇಕರು ಹೇಳುತ್ತಾರೆ. ಆತನ ಲೀಲಾವತಿ ಎಂಬ ಗ್ರಂಥವನ್ನು ಅಕಬರ ಬಾದಶಹನ ಆಸ್ಥಾನದ ಫೈಜಿಯು 1587ರಲ್ಲಿ ಪಾರಸಿಗೆ ತಂದಾಗ ಅದರೊಂದಿಗೆ ಈ ಕಥೆಯನ್ನೂ ಬರೆದನು. ಹೇಗಂದರೆ, ಮಗಳಿಗೆ ವೈವಾಹಿಕ ಸುಖವಿಲ್ಲವೆಂದು ಜಾತಕದಿಂದ ತಿಳಿದ ತಂದೆಯು ದೋಷವಿಲ್ಲದ ಒಂದೇ ಗಳಿಗೆಯನ್ನು ಗೊತ್ತುಮಾಡಿ ಗಳಿಗೆಯ ಬಟ್ಟಲನ್ನು ಇಟ್ಟನು. ಹುಡುಗಿಯು ಕುತೂಹಲದಿಂದ ಬಗ್ಗಿ ನೋಡಿದಾಗ ಆಕೆಯ ಉಡುಪಿನಿಂದ ಒಂದು ಮುತ್ತು ಬಿದ್ದು ತೂತನ್ನು ಮುಚ್ಚಿತು. ಬಟ್ಟಲು ಮುಳುಗಲಿಲ್ಲ, ಮುಹೂರ್ತ ತಪ್ಪಿತು. ಆಗ ತಂದೆಯು ಮಗಳನ್ನು ಸಂತೈಸುವದಕ್ಕಾಗಿ ತನ್ನ ಗಣಿತಕ್ಕೆ ಆಕೆಯ ಹೆಸರಿಟ್ಟನಂತೆ.

ಈ ಕಥೆಯು ನಡೆದದ್ದೋ ಕಟ್ಟಿದ್ದೋ ಎಂಬ ವಾದ ಇಲ್ಲಿ ಬೇಡ. ಅದನ್ನು ಹೇಳುವವರೆಲ್ಲರೂ ವಿಧಿಯನ್ನು ತಪ್ಪಿಸಲಾಗದೆಂದು ತೋರಿಸಲಿಕ್ಕೆ ಹೇಳುತ್ತಾರೆ. ನಮಗಾದರೋ ಅದರಲ್ಲಿ ಬೇರೆಯೇ ಕಾಣುತ್ತದೆ. ಗ್ರಹಣವು ಯಾವಾಗ ಹಿಡಿದು ಯಾವಾಗ ಬಿಡುವದೆಂದು ಎಣಿಸಬಲ್ಲ ತಂದೆಯೂ ಮಗಳ ವಿಷಯ ಬಂದಾಗ ಒಂದು ಬಟ್ಟಲಿನ ಮುಂದೆ ನಡುಗುತ್ತಾ ಕೂತನು. ಆದಕಾರಣ ಶಕುನಕ್ಕೆ ಅಂಜುವವರನ್ನು ದಡ್ಡರೆಂದು ಹೀಯಾಳಿಸುವದು ಸರಿಯಲ್ಲ. ಬಹಳ ಪ್ರೀತಿಸುವವರೇ ಬಹಳ ಅಂಜುತ್ತಾರೆ.

ಆದರೂ ಒಂದು ಲೆಕ್ಕವನ್ನು ಯಾವ ರೈತನೂ ಮಾಡಬಹುದು. ನಿಮ್ಮ ಊರಿನಲ್ಲಿರುವ ವಿಧವೆಯರನ್ನು ಎಣಿಸಿ ನೋಡಿರಿ. ಅವರಲ್ಲಿ ಪಂಚಾಂಗ ನೋಡದೆ ಮದುವೆಯಾದವರು ಎಷ್ಟು ಜನ? ಹೆಚ್ಚುಕಡಿಮೆ ಎಲ್ಲರ ತಾಳಿಯೂ ಒಳ್ಳೆಯ ಗಳಿಗೆಯಲ್ಲಿಯೇ ಕಟ್ಟಲ್ಪಟ್ಟದ್ದು. ಎಲ್ಲರಿಗೂ ಮುತ್ತೈದೆಯರೇ ಅರಿಷಿಣ ಹಚ್ಚಿದ್ದರು. ಯಾವ ಕೈ ಅವರನ್ನು ಕಾಯಲಿಲ್ಲವೋ ಅದೇ ಕೈ ಅವರ ಮಕ್ಕಳನ್ನು ಕಾಯುವದೆಂದು ನಂಬಿ ನಾವು ತಾಯಿಯ ಕೈಯನ್ನು ದೂರ ಇಡುತ್ತೇವೆ. ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿ, ಕೂಡಲಸಂಗಮದ ಸಮೀಪದ ಇದೇ ಸೀಮೆಯಲ್ಲಿ, ಲಗ್ನಬಲ ತಾರಾಬಲಗಳ ಗೊಡವೆ ಶರಣರಿಗೆ ಬೇಡವೆಂದು ತಮ್ಮ ವಚನದಲ್ಲಿ ಸಾರಿದರು. ಎಂಟು ನೂರು ವರುಷಗಳಿಗೂ ಹೆಚ್ಚು ಕಾಲ ಕಳೆಯಿತು. ಅವರ ಹೆಸರಿನ ಜಯಂತಿಯು ಅಕ್ಷಯ ತೃತೀಯೆಯ ದಿವಸ ಬರುತ್ತದೆ; ಆ ದಿವಸ ಪಂಚಾಂಗವನ್ನು ಕೇಳಬೇಕಾಗಿಲ್ಲ, ದಿನವೇ ಶುಭವಾದದ್ದೆಂದು ಹೇಳಿ ಅನೇಕ ಮದುವೆಗಳನ್ನು ಒಟ್ಟಿಗೆ ಮಾಡುತ್ತಾರೆ, ಕೆಲವು ಕಡೆಗೆ ವಯಸ್ಸಾಗದ ಹುಡುಗಿಯರ ಮದುವೆಯನ್ನೂ ಅದರಲ್ಲಿ ಸೇರಿಸಿಬಿಡುತ್ತಾರೆ. ಬಾಲ್ಯವಿವಾಹದ ಮೊದಲನೆಯ ಕಾಯಿದೆಯು 1929ರಲ್ಲಿ ಆದದ್ದು. ಈಗಿನ ಕಾಯಿದೆಯಂತೆ ಹುಡುಗಿಗೆ ಹದಿನೆಂಟು, ಹುಡುಗನಿಗೆ ಇಪ್ಪತ್ತೊಂದು ತುಂಬಿರಬೇಕು. ಇದನ್ನು ವಾಚಕರು ಬಲ್ಲರು. ಬಲ್ಲವರೇ ಅಕ್ಷತೆ ಹಾಕಲಿಕ್ಕೆ ಹೋಗುತ್ತಾರೆ.

ಇಂಥ ಅಂಜಿಕೆಗಳು ನಮ್ಮ ದೇಶದವರಿಗೆ ಮಾತ್ರ ಇರುವವೆಂದು ತಿಳಿಯಬಾರದು. ಕ್ರೈಸ್ತ ದೇಶವಾದ ಐರ್ಲೆಂಡಿನ ಹಳ್ಳಿಗಳ ಸಮಾಚಾರವನ್ನು ಕೇಳಿರಿ. ಅಲ್ಲಿ ಉಪವಾಸಕಾಲದ ನಾಲ್ವತ್ತು ದಿವಸಗಳಲ್ಲಿ ಮದುವೆಗಳು ನಡೆಯುತ್ತಿರಲಿಲ್ಲವಾದ್ದರಿಂದ ಬೂದಿ ಬುಧವಾರದ ಮುಂಚಿನ ದಿವಸಗಳಲ್ಲಿಯೇ ಎಲ್ಲರೂ ಅವಸರದಿಂದ ಮದುವೆಯಾಗುತ್ತಿದ್ದರು. ಅಷ್ಟರೊಳಗೆ ಮದುವೆಯಾಗದೆ ಉಳಿದವರು ಉಪವಾಸಕಾಲದ ಮೊದಲನೆಯ ಆದಿತ್ಯವಾರ ದೇವಾಲಯಕ್ಕೆ ಬಂದರೆ ಹುಡುಗರು ಅವರ ಬೆನ್ನಿನ ಮೇಲೆ ಸುಣ್ಣದ ಕಡ್ಡಿಯಿಂದ ಗೀಟು ಎಳೆಯುತ್ತಿದ್ದರು. ಮೇ ತಿಂಗಳಲ್ಲಿ ಮದುವೆಯಾದರೆ ಪಶ್ಚಾತ್ತಾಪ ತಪ್ಪದೆಂದು ಹೇಳುತ್ತಿದ್ದರು. ಮದುಮಗಳು ಗಂಡನ ಮನೆಯ ಬಾಗಿಲಿಗೆ ಬಂದಾಗ ಅತ್ತೆಯು ಓಟ್ಸ್ ಎಂಬ ಧಾನ್ಯದ ರೊಟ್ಟಿಯನ್ನು ಆಕೆಯ ತಲೆಯ ಮೇಲೆ ಮುರಿಯುತ್ತಿದ್ದಳು. ನಮ್ಮ ಸೊಸೆಯು ಹೊಸ್ತಿಲಿನ ಮೇಲಿನ ಸೇರಕ್ಕಿಯನ್ನು ಕಾಲಿನಿಂದ ಉರುಳಿಸುವದಕ್ಕೂ ಅದಕ್ಕೂ ಎಷ್ಟು ಹತ್ತಿರ! ಹುಲ್ಲಿನ ಮುಖವಾಡ ಹಾಕಿಕೊಂಡ ತರುಣರು ಕರೆಯದೆ ಬಂದು ಮದುಮಗಳೊಂದಿಗೆ ಕುಣಿದರೆ ಅದು ಶುಭವೆಂದು ಎಣಿಸಿದರು. ಆದರೆ ಅಲ್ಲಿಯ ಬೆಸ್ತರು ಸಮುದ್ರಕ್ಕೆ ಹೊರಟಾಗ ಕೆಂಪು ಕೂದಲಿನ ಹೆಂಗಸು ಎದುರಾದರೆ ಹಿಂದಿರುಗಿ ಮನೆಗೆ ಬರುತ್ತಿದ್ದರು. ಅಲ್ಲಿ ಕೆಂಪು ಕೂದಲು, ಇಲ್ಲಿ ಬೋಳು ಹಣೆ. ದೇಶವು ಬೇರೆಯಾದರೂ ಎದುರಿಗೆ ಬರಬಾರದವಳು ಹೆಂಗಸೇ.

ಇನ್ನು ನಮ್ಮ ಸ್ವಂತ ಅಂಗಳವನ್ನು ನೋಡಿಕೊಳ್ಳೋಣ. ನಮ್ಮ ಮದುಮಗಳು ಬಿಳಿ ಸೀರೆಯನ್ನು ಉಟ್ಟು ದೇವಾಲಯಕ್ಕೆ ಬರುತ್ತಾಳೆ. ನೆರೆಯವರಿಗೆ ಇದು ಬಹಳ ವಿಚಿತ್ರವಾಗಿ ತೋರುತ್ತದೆ. ಯಾಕಂದರೆ ಅವರಲ್ಲಿ ಬಿಳಿಯು ವಿಧವೆಯ ಬಣ್ಣ. ಈ ವಾಡಿಕೆಯೇನು ಅಪೊಸ್ತಲರಿಂದ ಬಂದದ್ದಲ್ಲ. ವಿಕ್ಟೋರಿಯಾ ರಾಣಿಯು 1840ರಲ್ಲಿ ತನ್ನ ಮದುವೆಗೆ ಬಿಳಿ ಉಡುಪು ಧರಿಸಿದ ಮೇಲೆಯೇ ಅದು ಇಂಗ್ಲಂಡದಲ್ಲಿ ಬಳಕೆಗೆ ಬಂದು ಅಲ್ಲಿಂದ ನಮ್ಮ ಹಳ್ಳಿಗಳ ತನಕ ಇಳಿಯಿತು. ಉಂಗುರದ ಬೆರಳಿನಿಂದ ಹೃದಯಕ್ಕೆ ನೇರವಾಗಿ ಒಂದು ನರ ಹೋಗುತ್ತದೆಂದು ರೋಮಿನವರು ನಂಬಿದ್ದರು. ಅಂಥ ವಿಶೇಷ ನರವು ಆ ಬೆರಳಿಗೆ ಇಲ್ಲವೆಂದು ಈಗಿನ ಯಾವ ವೈದ್ಯನೂ ಹೇಳುತ್ತಾನೆ. 1872ರ ಕ್ರೈಸ್ತ ವಿವಾಹದ ಕಾಯಿದೆಯಂತೆ, ವಿಶೇಷ ಅಪ್ಪಣೆ ಇಲ್ಲದಿದ್ದರೆ, ಮುಂಜಾನೆ ಆರು ಗಂಟೆಯಿಂದ ಸಾಯಂಕಾಲ ಏಳು ಗಂಟೆಯೊಳಗೆ ಮದುವೆಯಾಗಬೇಕು. ಎಲ್ಲರ ಕಣ್ಣ ಮುಂದೆ ನಡೆಯಲೆಂದೇ ಆ ಹದಿಮೂರು ತಾಸುಗಳನ್ನು ಗೊತ್ತುಮಾಡಿದರೆಂದು ನಾವು ತಿಳಿಯುತ್ತೇವೆ. ಅದರಲ್ಲಿ ನಕ್ಷತ್ರಗಳ ಮಾತೇನೂ ಇಲ್ಲ. ಆದರೂ ಆ ಹದಿಮೂರು ತಾಸುಗಳೊಳಗೆ ರಾಹುಕಾಲವನ್ನು ಬಿಟ್ಟು ಗಂಟೆ ಗೊತ್ತುಮಾಡಿರಿ ಎಂದು ಬೋಧಕರ ಕಿವಿಯಲ್ಲಿ ಮೆಲ್ಲಗೆ ಹೇಳುವ ಹಿರಿಯರು ನಮ್ಮಲ್ಲಿ ಇಲ್ಲವೇ? ನಾವು ಅಂಥವರನ್ನು ಬಲ್ಲೆವು, ಅವರು ಒಳ್ಳೆಯವರೇ.

ಶಕುನಗಳಲ್ಲಿ ಅತ್ಯಂತ ಕ್ರೂರವಾದದ್ದು ಕಾಲ್ಗುಣವೆಂದು ನಮ್ಮ ಅಭಿಪ್ರಾಯ. ಬೆಕ್ಕು ಅಡ್ಡ ಹೋದರೆ ಸ್ವಲ್ಪ ಹೊತ್ತು ನಿಂತು ಹೋಗಬಹುದು. ಹಲ್ಲಿ ನುಡಿದರೆ ನೆಲ ಬಡಿದು ಕೃಷ್ಣ ಕೃಷ್ಣ ಅನ್ನಬಹುದು. ಕಾಲ್ಗುಣವಾದರೋ ಹುಡುಗಿಯ ಮೈಗೆ ಅಂಟಿಕೊಂಡು ಜೀವಮಾನವೆಲ್ಲಾ ಬರುತ್ತದೆ. ಸೊಸೆಯು ಬಂದ ತಿಂಗಳಲ್ಲಿ ಎತ್ತು ಸತ್ತರೆ ಅವಳ ಕಾಲ್ಗುಣ. ಕೊಳವೆ ಬಾವಿ ಬತ್ತಿದರೆ ಅವಳ ಕಾಲ್ಗುಣ. 2019ರ ಆಗಸ್ಟಿನಲ್ಲಿ ಘಟಪ್ರಭೆಯು ಉಕ್ಕಿ ಮುಧೋಳ ತಾಲೂಕಿನ ಹಳ್ಳಿಗಳೊಳಗೆ ನುಗ್ಗಿದ್ದು ಎಲ್ಲರಿಗೂ ನೆನಪಿರುವದು. ಸಹ್ಯಾದ್ರಿಯಲ್ಲಿ ಹಗಲಿರುಳು ಮಳೆ ಸುರಿಯಿತು, ಹಿಡಕಲ್ಲಿನ ಆಣೆಕಟ್ಟು ತುಂಬಿತು, ನೀರನ್ನು ಹೊಳೆಗೆ ಬಿಟ್ಟರು, ಕಬ್ಬು ಮುಳುಗಿತು, ಗೋಡೆಗಳು ಬಿದ್ದವು. ಇದಿಷ್ಟೇ ಕಾರಣ. ಆದರೂ ಪರಿಹಾರಕ್ಕಾಗಿ ಜನರು ಶಾಲೆಯ ಕಟ್ಟೆಯ ಮೇಲೆ ಕುಳಿತಿದ್ದಾಗ, ಆ ಬೇಸಿಗೆಯಲ್ಲಿಯೇ ಮದುವೆಯಾಗಿ ಬಂದಿದ್ದ ಒಬ್ಬ ಹುಡುಗಿಯನ್ನು ತೋರಿಸಿ, ಈಕೆಯು ಕಾಲಿಟ್ಟಳು, ಮನೆ ಹೊಳೆಯ ಪಾಲಾಯಿತು ಎಂದು ಆಕೆಯ ಅತ್ತೆಯು ಅಂದದ್ದನ್ನು ನಾವು ನಮ್ಮ ಕಿವಿಯಿಂದ ಕೇಳಿದೆವು. ಹೊಳೆಯ ದಂಡೆಯ ಊರುಗಳಿಗೆ ಆ ಬೇಸಿಗೆಯಲ್ಲಿ ಬಂದ ಸೊಸೆಯರು ಎಷ್ಟು ಜನವೋ! ಅವರಲ್ಲಿ ಯಾರ ಪಾದಕ್ಕೆ ಹೊಳೆಯು ಉಕ್ಕಿತು? ಮುಂದಿನ ವರುಷಗಳಲ್ಲಿ ಬೆಳೆ ಚೆನ್ನಾಗಿ ಬಂದಾಗ ಅದೇ ಹುಡುಗಿಯ ಕಾಲ್ಗುಣದಿಂದ ಬಂತೆಂದು ಯಾರೂ ಹೇಳಲಿಲ್ಲ. ಬೆಳೆಯು ಗಂಡಸರ ಬೆವರಿನಿಂದ ಬರುತ್ತದೆಂದೂ ಕೇಡು ಹೆಂಗಸರ ಪಾದದಿಂದ ಬರುತ್ತದೆಂದೂ ಲೆಕ್ಕ ಬರೆಯುವವರಿಗೆ ಲೆಕ್ಕವು ಯಾವಾಗಲೂ ಸರಿಯಾಗಿಯೇ ಇರುತ್ತದೆ.

ನಕ್ಷತ್ರಗಳ ಮಾತೂ ಹೀಗೆಯೇ. ಮೂಲಾ ನಕ್ಷತ್ರದಲ್ಲಿ ಹುಟ್ಟಿದವಳು ಮಾವನಿಗೆ ಆಗದು, ಆಶ್ಲೇಷೆಯವಳು ಅತ್ತೆಗೆ ಆಗದು, ಜ್ಯೇಷ್ಠೆಯವಳು ಭಾವನಿಗೆ ಆಗದು, ವಿಶಾಖೆಯವಳು ಮೈದುನನಿಗೆ ಆಗದು. ನಕ್ಷತ್ರಗಳು ಇಪ್ಪತ್ತೇಳು. ಪಾದಗಳ ಸೂಕ್ಷ್ಮವನ್ನು ಬಿಟ್ಟು ಎಣಿಸಿದರೆ ಹೆಚ್ಚುಕಡಿಮೆ ಏಳು ಹುಡುಗಿಯರಲ್ಲಿ ಒಬ್ಬಳು ತಾನು ಅರಿಯದ ತಪ್ಪಿಗೆ ಹುಟ್ಟಿದ ದಿವಸವೇ ಗುರಿಯಾದಳು. ಹುಡುಗನ ನಕ್ಷತ್ರದಿಂದ ಆತನ ಅತ್ತೆಗೆ ಏನಾಗುವದೋ ಎಂದು ಇದೇ ಅಂಜಿಕೆಯಿಂದ ವಿಚಾರಿಸಿ ಮದುವೆ ಮುರಿದವರನ್ನು ನಾವು ಇದುವರೆಗೆ ನೋಡಲಿಲ್ಲ.

ಊರಿನ ರೀತಿ, ಬಿಡಿರಿ, ಅದರಿಂದ ಯಾರಿಗೇನು ಎಂಬ ಮಾತು ಎಲ್ಲಿಗೆ ಮುಟ್ಟಬಲ್ಲದೆಂಬುದಕ್ಕೆ ಈ ಸೀಮೆಯಲ್ಲಿಯೇ ಒಂದು ಸಾಕ್ಷಿಯಿದೆ. ಮುಧೋಳ ಜಮಖಂಡಿಗಳ ಸುತ್ತಿನ ಹಳ್ಳಿಗಳಲ್ಲಿ ವರನಿಲ್ಲದ ಮದುವೆಯೊಂದು ನಡೆಯುತ್ತಿತ್ತು. ಬಡವರ ಮನೆಯ ಹುಡುಗಿಯ ತಲೆಯಲ್ಲಿ ಜಡೆ ಗಂಟುಕಟ್ಟಿದರೆ ಅದು ಸವದತ್ತಿಯ ಎಲ್ಲಮ್ಮನ ಕರೆಯೆಂದು ಹೇಳಿ ಆಕೆಗೆ ಮುತ್ತು ಕಟ್ಟುತ್ತಿದ್ದರು. ಎಣ್ಣೆ ಬಾಚಣಿಗೆಗಳಿಂದ ಬಿಡಬಹುದಾಗಿದ್ದ ಗಂಟು ಒಬ್ಬ ಹುಡುಗಿಯ ಬಾಳನ್ನು ಊರಿನ ಸೊತ್ತಾಗಿ ಮಾಡಿಬಿಟ್ಟಿತು. ಮುಂಬಯಿ ಸರಕಾರವು 1934ರಲ್ಲಿ, ಕರ್ನಾಟಕ ಸರಕಾರವು 1982ರಲ್ಲಿ ಇದನ್ನು ನಿಷೇಧಿಸಿ ಕಾಯಿದೆ ಮಾಡಿದವು. ಕದ್ದು ಮುಚ್ಚಿ ಮುತ್ತು ಕಟ್ಟುವವರು ಆ ಮೇಲೆಯೂ ಇದ್ದರು. ಹೀಗೆ ಮುತ್ತು ಕಟ್ಟಿದ ತಂದೆತಾಯಿಗಳಲ್ಲಿ ಅನೇಕರು ಮಗಳ ಮೇಲೆ ವೈರವಿದ್ದು ಮಾಡಲಿಲ್ಲ. ಕಟ್ಟದಿದ್ದರೆ ಮನೆತನಕ್ಕೆ ಕೇಡು ಬರುವದೆಂದು ಅಂಜಿ ಮಾಡಿದರು. ಆ ಅಂಜಿಕೆಯನ್ನು ಊರು ಕೂಡಿ ಹಂದರ ಹಾಕಿ ಊಟ ಮಾಡಿ ಒಪ್ಪಿತು.

ವಿಧವೆಯರ ಮಾತಿಗೆ ತಿರುಗಿ ಬರೋಣ. ವಿಧವೆಯರು ಪುನಃ ವಿವಾಹವಾಗಬಹುದೆಂಬ ಕಾಯಿದೆಯು 1856ರಲ್ಲಿಯೇ ಆಯಿತು. ನಮ್ಮ ಸೀಮೆಯ ಅನೇಕ ಜಾತಿಗಳಲ್ಲಿ ಅದಕ್ಕಿಂತ ಮುಂಚೆಯೂ ಉಡಕಿಯ ಪದ್ಧತಿ ಇತ್ತು. ಆದರೆ ಅದನ್ನು ರಾತ್ರಿಯಲ್ಲಿ, ಹಾಡು ವಾದ್ಯಗಳಿಲ್ಲದೆ, ಮುತ್ತೈದೆಯರು ನೋಡದಂತೆ ಮಾಡುತ್ತಿದ್ದರು. ಸಹ್ಯಾದ್ರಿಯ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು ತಾವೂ ವಿಧವೆಯಾಗಿದ್ದು 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದು ವಿಧವೆಯರಿಗೆ ಅಕ್ಷರವನ್ನೂ ಅನ್ನವನ್ನೂ ಕೊಟ್ಟರು. ಇವೆಲ್ಲಾ ಆಗಿಯೂ ಬಾಗಿಲಿನ ಹಿಂದಿನ ಜಾಗವು ಖಾಲಿಯಾಗಲಿಲ್ಲ. ಯಾಕಂದರೆ ಅಲ್ಲಿ ಯಾವ ಕಾಯಿದೆಯೂ ಆಕೆಯನ್ನು ನಿಲ್ಲಿಸಿಲ್ಲ, ಅವಳೇ ನಿಂತಿದ್ದಾಳೆ.

ನಮಗೆ ಕಠಿಣವಾದ ಸ್ಥಳವು ಇದೇ. ಹೊರಗಿನವರು ತಡೆದಿದ್ದರೆ ಅವರೊಂದಿಗೆ ಜಗಳ ತೆಗೆಯಬಹುದಾಗಿತ್ತು. ತಾಯಿಯು ತಾನಾಗಿಯೇ, ಅದೂ ಮಗಳ ಮೇಲಿನ ಪ್ರೀತಿಯಿಂದ, ಹಿಂದೆ ಸರಿದಾಗ ಆಕೆಯ ಕೈ ಹಿಡಿದು ಎಳೆದು ತರುವ ಅಧಿಕಾರ ಯಾರಿಗಿದೆ? ಹಾಗೆ ಎಳೆದು ತಂದು, ಮುಂದೆ ಹುಡುಗಿಗೆ ಜ್ವರ ಬಂದರೂ ಆ ತಾಯಿಯು ತನ್ನನ್ನೇ ಬೈದುಕೊಂಡು ಸಾಯುವಳು. ಇದನ್ನು ನೆನಸಿಯೇ ನಾವು ಆ ರಾತ್ರಿ ಸುಮ್ಮನಿದ್ದೆವೆಂದು ಬಹಳ ದಿವಸ ನಮಗೆ ನಾವೇ ಹೇಳಿಕೊಂಡೆವು. ಆದರೆ ಇದು ಪೂರ್ಣ ಸತ್ಯವಲ್ಲ. ಬೀಗರು ಬೇಸರಪಟ್ಟಾರು, ಊಟದ ಹೊತ್ತಿನಲ್ಲಿ ಮಾತು ಬೆಳೆದೀತು ಎಂಬ ಸಂಕೋಚವೂ ಅದರಲ್ಲಿ ಇತ್ತು.

ಬಹಳ ವಿಚಾರ ಮಾಡಿದ ಮೇಲೆ ನಮಗೆ ತೋಚಿದ್ದೇನಂದರೆ, ನಾವು ಆ ದಿವಸ ತಪ್ಪು ಮನುಷ್ಯಳನ್ನು ಕರೆದೆವು. ಆಕೆಯನ್ನು ಹೊರಗೆ ಬಾ ಎಂದು ಕರೆಯುವ ಬದಲಿಗೆ ಹಂದರದಲ್ಲಿ ಅರಿಷಿಣದ ಬಟ್ಟಲನ್ನು ಹಿಡಿದಿದ್ದ ಐವರ ಸಂಗಡ ಮಾತಾಡಬೇಕಾಗಿತ್ತು. ಹಿಂದೆ ಸರಿದವಳಿಗೆ ಮುಂದೆ ಬರುವ ಧೈರ್ಯ ಇರಬೇಕೆಂದು ಕೇಳುವದು ಸುಲಭ. ಮುಂದೆ ನಿಂತವರಿಗೆ, ನೀವು ಸ್ವಲ್ಪ ತಡೆಯಿರಿ, ಆಕೆಯಿಲ್ಲದೆ ಕೈ ಹಚ್ಚಬೇಡಿರಿ ಎಂದು ಹೇಳುವದು ಯಾರಿಗೂ ಹೊಳೆಯುವದಿಲ್ಲ. ಆ ಐವರ ಗಂಡಂದಿರು ಬದುಕಿರುವದು ಅವರ ಪುಣ್ಯದಿಂದಲ್ಲ. ಆಕೆಯ ಗಂಡನು ಸತ್ತದ್ದು ಆಕೆಯ ಪಾಪದಿಂದಲ್ಲ. ಹೀಗೆಂದು ನಾವು ಪ್ರತಿ ಆದಿತ್ಯವಾರವೂ ನಂಬಿ ಒಪ್ಪಿದವರು. ಶನಿವಾರದ ಅರಿಷಿಣದಲ್ಲಿ ಮಾತ್ರ ಅದು ನಮಗೆ ಮರೆತುಹೋಯಿತು. ಕಾನಾ ಊರಿನ ಮದುವೆಯಲ್ಲಿ ಯೇಸುವಿನ ತಾಯಿಯು ಇದ್ದಳೆಂದು ಸುವಾರ್ತೆಯು ತಿಳಿಸುತ್ತದೆ. ಯೋಸೇಫನ ಹೆಸರು ಅಲ್ಲಿ ಬರುವದಿಲ್ಲ. ಆ ಹೊತ್ತಿಗೆ ಅವಳು ವಿಧವೆಯಾಗಿದ್ದಳೆಂದು ಅನೇಕ ವ್ಯಾಖ್ಯಾನಕಾರರು ಎಣಿಸುತ್ತಾರೆ. ದ್ರಾಕ್ಷಾರಸ ತೀರಿತೆಂದು ಮಗನಿಗೆ ತಿಳಿಸಿದವಳೂ ಸೇವಕರಿಗೆ ಅಪ್ಪಣೆ ಕೊಟ್ಟವಳೂ ಅವಳೇ. ಮದುವೆಯ ಮನೆಯಲ್ಲಿ ಅಷ್ಟು ಸಲಿಗೆಯಿಂದ ತಿರುಗಾಡಿದವಳನ್ನು ಅಪಶಕುನವೆಂದು ಯಾರೂ ಎನ್ನಲಿಲ್ಲ.

ಆ ವಿಧವೆಯ ಕಿರಿಯ ಮಗಳ ಮದುವೆಯು ಈ ಬೇಸಿಗೆಯಲ್ಲಿ ಗೊತ್ತಾಗಿದೆ. ಕಳೆದ ತಿಂಗಳು ನಮ್ಮ ಸಭೆಯ ಕೆಲವು ಹೆಂಗಸರು ಆಕೆಯ ಮನೆಗೆ ಹೋಗಿ, ಮೊದಲು ನೀವು ಹಚ್ಚಬೇಕು, ಅಲ್ಲಿಯ ತನಕ ನಾವು ಅರಿಷಿಣವನ್ನು ಮುಟ್ಟುವದಿಲ್ಲ ಎಂದು ಹೇಳಿ ಬಂದರು. ಆಕೆಯು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. “ನೋಡೂಣ್ರೆವ್ವಾ” ಎಂದು ಚಹಾ ಕಾಸಲಿಕ್ಕೆ ಎದ್ದುಹೋದಳಂತೆ. ಹೋದ ಸಾರಿ ಅರಿಷಿಣದ ಬೇರುಗಳನ್ನು ಕುಟ್ಟಲಿಕ್ಕೆ ನೆರೆಯ ಮುತ್ತೈದೆಯ ಮನೆಗೆ ಕೊಟ್ಟಿದ್ದಳು. ಈ ಸಾರಿ ಇನ್ನೂ ಯಾರಿಗೂ ಕೊಟ್ಟಿಲ್ಲ, ತನ್ನ ಮನೆಯ ಒರಳಿನ ಹತ್ತಿರವೇ ಇಟ್ಟುಕೊಂಡಿದ್ದಾಳೆಂದು ಕೇಳಿದ್ದೇವೆ.